ಮಗಳಿಗೊಂದು ಪತ್ರ: ರಾಡ್ ಹಾಕಿದ ಕಾಲು ಮತ್ತು ಇನ್ನೂರು ಕಿಲೋಮೀಟರ್

ಪುಟ್ಟಿ,

ಸೈಕಲ್ಲಿನಿಂದ ಬಿದ್ದು ಮುರಿದ ಎಡ ತೊಡೆಮೂಳೆ ಕೂಡಿದೆ, ಡಾಕ್ಟರು ಸೈಕಲ್ ಹತ್ತಬಹುದು ಅಂದರು ಅಂತ ಬರೆದಿದ್ದೀಯ. ತುಂಬಾ ಸಂತೋಷ. ಆದರೆ ಹತ್ತೋದು ಮನೆಯೊಳಗೇ ಸೈಕಲ್ ನಿಲ್ಲಿಸಿ ತುಳಿಯೋ ಟ್ರೈನರ್ ಮೇಲೋ ಕನಕಪುರ ರಸ್ತೆಯ ಮೇಲೋ, ಅದನ್ನು ಕೇಳಿದೆಯಾ? ಎರಡರ ನಡುವೆ ಎಷ್ಟೋ ವಾರ ಇದೆ. ತೊಡೆಮೂಳೆಗೆ ರಾಡ್ ಹಾಕಿದರೆ ಕೂಡೋದಕ್ಕೆ ಸಾಮಾನ್ಯವಾಗಿ 4ರಿಂದ 6 ತಿಂಗಳು ಬೇಕು, ಸ್ನಾಯು ಮೊದಲಿನ ಹಾಗಾಗೋದಕ್ಕೆ ಇನ್ನೂ ಹೆಚ್ಚು. ಮೂಳೆಯ ವಿಷಯ ಎಕ್ಸ್‌ರೇ ಹೇಳುತ್ತೆ, ಸ್ನಾಯುವಿನದ್ದು ಹೇಳಲ್ಲ. ಅದಕ್ಕೆ ಬಟ್ಟೆ ಹೊಲಿಯುವವರ ಟೇಪು ಸಾಕು. ಮಂಡಿಚಿಪ್ಪಿನ ಮೇಲಂಚಿನಿಂದ 15 ಸೆಂ.ಮೀ. ಮೇಲೆ ಪೆನ್ನಲ್ಲಿ ಗುರುತು ಮಾಡಿ ಎರಡೂ ತೊಡೆಯ ಸುತ್ತಳತೆ ತೆಗೆ, ಎರಡು ವಾರಕ್ಕೊಮ್ಮೆ ಬರೆದಿಡು. ಎಡ ತೊಡೆ ಬಲಕ್ಕಿಂತ 2 ಸೆಂ.ಮೀ. ಸಣ್ಣಗಿರುವ ತನಕ ನಂದಿ ಬೆಟ್ಟದ ಮಾತೆತ್ತಬೇಡ. ಇದು ನನ್ನ ಲೆಕ್ಕ. ಫಿಸಿಯೋ ಬೇರೆ ಹೇಳಿದರೆ ಅವರ ಮಾತೇ ನಡೆಯಲಿ.

ರಕ್ತ ತೆಳುವಾಗಿಸೋ ಮಾತ್ರೆ ಇನ್ನೂ ನಡೀತಿದ್ದರೆ ರಸ್ತೆಗಿಳಿಯೋದು ಬೇಡವೇ ಬೇಡ.

ಟ್ರೈನರ್ ದುಡ್ಡು ಕೊಟ್ಟು ತರಬೇಡ, ನಿಮ್ಮ ರೈಡಿಂಗ್ ಗುಂಪಿನಲ್ಲಿ ಕೇಳು. ಲಾಕ್‌ಡೌನ್ ಕಾಲದಲ್ಲಿ ಕೊಂಡ ಟ್ರೈನರ್‌ಗಳು ಬೆಂಗಳೂರಿನ ಎಷ್ಟೋ ಬಾಲ್ಕನಿಗಳಲ್ಲಿ ಟವಲ್ ಒಣಗಿಸೋಕೆ ಬಳಕೆಯಾಗ್ತಿವೆ. ಹಿಂದಿನ ಚಕ್ರ ಉಜ್ಜೋ ತರದ್ದು ಸಿಕ್ಕರೆ ಸವೆದ ಹಳೇ ಟೈರ್ ಹಾಕು, ಒಳ್ಳೇ ಟೈರ್ ಹಾಳಾಗುತ್ತೆ. ಮೊದಲು 10 ನಿಮಿಷ, ಭಾರವೇ ಇಲ್ಲದೆ, ನಿಮಿಷಕ್ಕೆ 60-70 ಸುತ್ತು, ದಿನ ಬಿಟ್ಟು ದಿನ. ತುಳಿಯುವಾಗ ನೋವು ಹತ್ತರಲ್ಲಿ ಮೂರರೊಳಗೆ ಇರಬೇಕು, ಮಾರನೇ ಬೆಳಿಗ್ಗೆಗೆ ಇಳಿದಿರಬೇಕು, ಮಂಡಿ ಊದಿರಬಾರದು. ಬೆಳಿಗ್ಗೆ ಸರಿಯಿದ್ದರೆ 5 ನಿಮಿಷ ಸೇರಿಸು, ಇಲ್ಲದಿದ್ದರೆ ಹಿಂದಿನಷ್ಟೇ ಮಾಡು. 45 ನಿಮಿಷ ಸಲೀಸಾದ ಮೇಲೆ ಭಾರ ಹಾಕು. ಸಮಯ, ಭಾರ ಎರಡನ್ನೂ ಒಂದೇ ವಾರದಲ್ಲಿ ಏರಿಸಿದರೆ ನೋವು ಬಂದಾಗ ಯಾವುದರಿಂದ ಬಂತು ಅಂತ ಗೊತ್ತಾಗಲ್ಲ. ನೋವಿನ ಮಾತ್ರೆ ನುಂಗಿ ಮಾತ್ರ ಹತ್ತಬೇಡ, ಕಾಲು ಕೊಡೋ ಸೂಚನೆಯನ್ನೇ ಅದು ಮುಚ್ಚಿಹಾಕುತ್ತೆ.

ನಿನ್ನ ಸೈಕಲ್ಲಿನ ಕ್ರ್ಯಾಂಕ್, ಅಂದರೆ ಪೆಡಲ್ ಕೂರೋ ತೋಳು, 170 ಮಿ.ಮೀ. ಅದನ್ನು ತುಳಿಯೋಕೆ ಮಂಡಿ ಸುಮಾರು 110 ಡಿಗ್ರಿ ಮಡಚಬೇಕು. ನೂರಕ್ಕೇ ನಿಂತರೆ ಪೆಡಲ್ ಮೇಲಕ್ಕೆ ಬಂದಾಗಲೆಲ್ಲ ಎಡ ಸೊಂಟ ಎದ್ದು ಓಲಾಡುತ್ತೆ, ಬೆನ್ನು ಹಿಡಿಯುತ್ತೆ, ಸೀಟಿನ ಗಾಯ ಒಂದೇ ಕಡೆ ಆಗುತ್ತೆ. ಹಿಂದಿನಿಂದ ಯಾರಾದರೂ ಫೋನಲ್ಲಿ ವಿಡಿಯೋ ತೆಗೆದರೆ ಒಂದೇ ನೋಟಕ್ಕೆ ತಿಳಿಯುತ್ತೆ. 160ರ ಕ್ರ್ಯಾಂಕ್ ಹಾಕಿಸಿ ಸೀಟನ್ನು 10 ಮಿ.ಮೀ. ಏರಿಸು. ಕ್ರ್ಯಾಂಕ್ ಬದಲಿಸಿ ಸೀಟನ್ನು ಇದ್ದಲ್ಲೇ ಬಿಟ್ಟರೆ ಪೆಡಲ್ ಮೇಲಿದ್ದಾಗ ಸಿಗೋ ಲಾಭ ಅರ್ಧವೇ, ಕೆಳಗಿದ್ದಾಗ ಕಾಲು ಮೊದಲಿನಷ್ಟು ಚಾಚಲ್ಲ. ಸೀಟು ಏರಿದಾಗ ಹ್ಯಾಂಡಲ್ ತಗ್ಗಾದಂತಾಗುತ್ತೆ, ಅದರಡಿಗೂ ಎತ್ತರಿಸೋ ಬಳೆ (ಸ್ಪೇಸರ್) ಒಂದು ಸೇರಿಸಲು ಹೇಳು.

ರಾಡ್ ಹಾಕಿದ ಮೇಲೆ ಎರಡು ಕಾಲಿನ ಉದ್ದದಲ್ಲಿ ಕೆಲವು ಮಿ.ಮೀ. ವ್ಯತ್ಯಾಸ ಉಳಿಯಬಹುದು. ಕಣ್ಣಂದಾಜು ಬೇಡ, ಆಸ್ಪತ್ರೆಯಲ್ಲೇ ಅಳೆಸು. ತೊಡೆಮೂಳೆ ಗಿಡ್ಡಾಗಿದ್ದರೆ ವ್ಯತ್ಯಾಸದ ಅರ್ಧದಷ್ಟು ದಪ್ಪದ ಬಿಲ್ಲೆಯನ್ನು ಕ್ಲೀಟ್ (ಶೂ ಅಡಿಯಲ್ಲಿ ಪೆಡಲಿಗೆ ಸಿಕ್ಕಿಕೊಳ್ಳೋ ತುಂಡು) ಅಡಿಗೆ ಕೊಟ್ಟು ಶುರುಮಾಡೋದು ವಾಡಿಕೆ: 6 ಮಿ.ಮೀ. ಇದ್ದರೆ 3. ಇನ್ನೊಂದು, ಮಂಡಿಯ ಹೊರಬದಿಯಲ್ಲಿ ಒಂದೇ ಚುಕ್ಕೆಯಲ್ಲಿ ಚುಚ್ಚಿದಂತಾದರೆ ರಾಡಿನ ಕೆಳತುದಿಯ ಸ್ಕ್ರೂ ಮೇಲೆ ತೊಡೆಯ ಹೊರಬದಿಯ ಗಟ್ಟಿ ಪಟ್ಟಿ (ಐಟಿ ಬ್ಯಾಂಡ್) ಉಜ್ಜುತ್ತಿರಬಹುದು. ಸೀಟು ಹಿಂದೆ ಮುಂದೆ ಮಾಡಿ ಒದ್ದಾಡಬೇಡ, ಡಾಕ್ಟರಿಗೆ ಬೆರಳಿಟ್ಟು ತೋರಿಸು.

ಇನ್ನು ಯಾರೂ ಹೇಳಿಕೊಡದ ವಿಷಯ, ಹತ್ತೋದು ಇಳಿಯೋದು. ನಾವೆಲ್ಲ ಸೈಕಲ್ಲಿನ ಎಡಕ್ಕೆ ನಿಂತು, ಎಡಗಾಲಿನ ಮೇಲೆ ಪೂರ್ತಿ ಭಾರ ಬಿಟ್ಟು, ಬಲಗಾಲು ಬೀಸಿ ಹತ್ತುತ್ತೇವೆ. ನಿನ್ನ ಎಡಗಾಲೇ ಅದು. ಆದ್ದರಿಂದ ಸೈಕಲ್ಲನ್ನು ನಿನ್ನ ಕಡೆಗೆ ಚೆನ್ನಾಗಿ ವಾಲಿಸು, ಎರಡೂ ಬ್ರೇಕ್ ಹಿಡಿ, ಬಲಕ್ಕೆ ನಿಂತು ಎಡಗಾಲನ್ನು ಬೀಸದೆ ಟಾಪ್ ಟ್ಯೂಬ್ ಮೇಲಿಂದ ಮೆಲ್ಲಗೆ ದಾಟಿಸು. ಬಲಮೀನಖಂಡಕ್ಕೆ ಚೈನಿನ ಮಸಿ ಮೆತ್ತುತ್ತೆ, ಮೆತ್ತಲಿ. ಸಿಗ್ನಲ್ಲಿನಲ್ಲಿ ಇದಕ್ಕಿಂತ ಕಷ್ಟ. ಅಂಚಿಗೆ ನಿಂತು ಎಡಗಾಲು ಊರೋದು ರೂಢಿ, ಆದರೆ ರಸ್ತೆ ಅಂಚಿಗೆ ಇಳಿಜಾರಾಗಿರೋದರಿಂದ ಆ ಕಾಲು ಇನ್ನಷ್ಟು ಕೆಳಗೆ ಹೋಗಿ ದಡಕ್ಕನೆ ಭಾರ ಬೀಳುತ್ತೆ. ಬಲಗಾಲು ಊರು. ಆಗ ಸೈಕಲ್ ವಾಹನಗಳ ಕಡೆಗೆ ವಾಲುತ್ತೆ, ಹಾಗಾಗಿ ಬಸ್ಸಿನ ಪಕ್ಕ ನುಸುಳದೆ ಅದರ ಹಿಂದೆಯೇ ನಿಲ್ಲು. ನಿಲ್ಲೋ ಮೊದಲೇ ಎರಡು ಮೂರು ಗೇರ್ ಹಗುರ ಮಾಡಿರು, ಇಲ್ಲದಿದ್ದರೆ ಹಸಿರು ಬಿದ್ದಾಗ ಮೊದಲ ತುಳಿತವೇ ಕಾಲಿಗೆ ಅತಿ ಭಾರವಾಗುತ್ತೆ. ಮೊದಲ ತಿಂಗಳು ಫ್ಲಾಟ್ ಪೆಡಲ್ ಸಾಕು. ಕ್ಲೀಟ್ ಬಿಡಿಸೋಕೆ ಹಿಮ್ಮಡಿ ತಿರುಚಿದರೆ ಆ ತಿರುಚು ತೊಡೆಯವರೆಗೂ ಹೋಗುತ್ತೆ. ಆಮೇಲೆ ಶೂ ಸಿಕ್ಕಿಸೋ ಎಸ್‌ಪಿಡಿ ಪೆಡಲಿಗೆ ಬರೋದಾದರೆ ಹಲವು ದಿಕ್ಕಿಗೆ ಬಿಟ್ಟುಕೊಳ್ಳೋ ಎಸ್‌ಎಚ್‌56 ಕ್ಲೀಟ್ ಹಾಕು, ಪೆಡಲಿನ ಸ್ಪ್ರಿಂಗ್ ಸ್ಕ್ರೂ ಪೂರ್ತಿ ಸಡಿಲ ಇರಲಿ.

ಬಿದ್ದ ಸೈಕಲ್ಲನ್ನೂ ಮೆಕ್ಯಾನಿಕ್ ನೋಡಲಿ. ಡೀರೈಲರ್ (ಹಿಂದಿನ ಗೇರ್ ಬದಲಿಸೋ ತೋಳು) ನೇತಾಡೋ ಹ್ಯಾಂಗರ್ ಸ್ವಲ್ಪ ಬಾಗಿದ್ದರೂ ಹಗುರ ಗೇರಿಗೆ ಹಾಕಿದಾಗ ಡೀರೈಲರ್ ಚಕ್ರದ ಕಡ್ಡಿಗೆ ಸಿಕ್ಕಿ ಚಕ್ರ ಹಿಡಿದು ನಿಲ್ಲಿಸಬಹುದು. ಕಾರ್ಬನ್ ಫೋರ್ಕನ್ನು ಬಿಚ್ಚಿಸಿ ಒಳಗಿನ ಸ್ಟೀರರ್ ಕೊಳವೆ ನೋಡಿಸು, ಬಿರುಕು ಹೊರಗಿನಿಂದ ಕಾಣೋದಿಲ್ಲ. ಗೇರ್ ಚಕ್ರಗಳಲ್ಲಿ ಮುಂದೆ 50/34, ಹಿಂದೆ 11-34 ಹಲ್ಲು ಇದ್ದರೆ ಏರಿನಲ್ಲೂ ಕೂತೇ ತುಳಿಯಬಹುದು. ಟೈರ್ 32 ಮಿ.ಮೀ. ಹಿಡಿಸಿದರೆ ಅದೇ ಹಾಕು, ನಿನ್ನ 58 ಕೆ.ಜಿ.ಗೆ 50-55 ಪಿಎಸ್‌ಐ ಸಾಕು. ಗಟ್ಟಿ ಗಾಳಿ ತುಂಬಿದರೆ ಪ್ರತಿ ಹಂಪಿನ ಪೆಟ್ಟೂ ಸೀದಾ ಕಾಲಿಗೆ ಬರುತ್ತೆ.

ಮೊದಲ ರಸ್ತೆ ಸವಾರಿಗೆ ಭಾನುವಾರದ ಕಬ್ಬನ್ ಪಾರ್ಕ್‌ಗಿಂತ ಒಳ್ಳೇ ಜಾಗ ಇಲ್ಲ, ಅವತ್ತು ಒಳಗೆ ವಾಹನ ಬಿಡಲ್ಲ. ದೂರ ನೋಡಬೇಡ, ನಿಲ್ಲೋದನ್ನು ಕಲಿ: ಎರಡೂ ಬ್ರೇಕ್ ಒಟ್ಟಿಗೆ, ಸೊಂಟ ಹಿಂದಕ್ಕೆ, ಕಣ್ಣು ಮುಂದಕ್ಕೆ, ಹತ್ತು ಹದಿನೈದು ಸಲ. ಬಿದ್ದವರಿಗೆ ಭಯ ಬರೋದು ಸಹಜ. ಭಯದಲ್ಲಿ ಮೊಣಕೈ ಸೆಟೆದುಕೊಳ್ಳುತ್ತೆ, ಆಗ ಚಿಕ್ಕ ಗುಂಡಿಯೂ ಹ್ಯಾಂಡಲ್ ತಿರುಗಿಸಿಬಿಡುತ್ತೆ. ಆಮೇಲೆ ಹೆಸರಘಟ್ಟದ ಕಡೆ ಬೆಳಗಿನ ಜಾವದ ಸವಾರಿ. ವಾರಕ್ಕೆ ಮೂರು ದಿನ, ಒಟ್ಟು ಸಮಯ ವಾರಕ್ಕೆ ನೂರಕ್ಕೆ ಹತ್ತರಷ್ಟು ಏರಲಿ, ನಾಲ್ಕನೇ ವಾರ ಇಳಿಸು. ಬೇಸಿಗೆಯ ಮೊದಲ ಮಳೆ ಬಿದ್ದ ದಿನ ಹೊರಗೆ ಹೋಗಬೇಡ, ತಿಂಗಳುಗಟ್ಟಲೆ ಕೂತ ಎಣ್ಣೆ ಮೇಲೆದ್ದಿರುತ್ತೆ. ಹೊಂಗೆ ಹೂ ಉದುರಿದ ತಿರುವೂ ಹಾಗೇ.

ಈಗ ಗುಂಪಿನ ವಿಷಯ. ಅವರಿಲ್ಲದೆ ಇದು ಆಗಲ್ಲ. ‘ಏನಾದ್ರೂ ಬೇಕಾದ್ರೆ ಹೇಳು’ ಅಂತ ಎಲ್ಲರೂ ಅಂದಿರ್ತಾರೆ, ನೀನು ಏನೂ ಕೇಳದೆ ಸುಮ್ಮನಿದ್ದರೆ ಅವರೂ ಸುಮ್ಮನಾಗ್ತಾರೆ. ಬಿಡಿಸಿ ಕೇಳು. ಒಬ್ಬರು ಸೈಕಲ್ಲನ್ನು ಕಾರಲ್ಲಿ ಕಬ್ಬನ್ ಪಾರ್ಕ್‌ವರೆಗೆ ತಂದುಕೊಡಲಿ. ಒಬ್ಬರು ಕೊನೆಯವರಾಗಿ ನಿನ್ನ ಹಿಂದೆಯೇ ಬರಲಿ, ಪಕ್ಕದಲ್ಲಿ ಹರಟುತ್ತಾ ಅಲ್ಲ. ಒಬ್ಬರ ಹತ್ತಿರ ನೀನು ಹಿಂತಿರುಗೋ ಸಮಯ ಇರಲಿ. ಗುಂಪಿನಲ್ಲಿ ‘ಆರಾಮ್ ರೈಡ್’ ಅಂತ ಹಾಕಿದ್ದು ಹೆಬ್ಬಾಳ ದಾಟೋದ್ರೊಳಗೆ 28ರ ವೇಗ ಆಗೋದು ನಿನಗೆ ಗೊತ್ತೇ ಇದೆ. ಹೊರಡೋ ಮೊದಲೇ ಹೇಳಿಬಿಡು: ನಾನು 18ರಲ್ಲಿ ಬರ್ತೀನಿ, 30 ಕಿ.ಮೀ.ಗೆ ತಿರುಗ್ತೀನಿ, ನನ್ನ ಜೊತೆ ಯಾರು ತಿರುಗ್ತೀರಿ? ಒಬ್ಬರೂ ಕೈ ಎತ್ತದಿದ್ದರೆ ಅವತ್ತು ಬೇರೆ ಗುಂಪು ನೋಡು. ಮುಂದಿನವರ ಚಕ್ರಕ್ಕೆ ಅಂಟಿಕೊಂಡು ಹೋಗಬೇಡ, ಒಂದು ಸೈಕಲ್ಲಿನಷ್ಟು ಜಾಗ ಬಿಡು. ಗಾಳಿಯ ಲಾಭಕ್ಕಿಂತ ಗುಂಡಿ ಕಾಣೋದು ಮುಖ್ಯ.

ಬ್ರೆವೆಗೆ, ಅಂದರೆ ನಿಗದಿತ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿಗೆ, ಮೊದಲು ಸ್ವಯಂಸೇವಕಿಯಾಗಿ ಹೋಗು. ಕಂಟ್ರೋಲಿನಲ್ಲಿ (ದಾರಿಯ ತಪಾಸಣೆ ಜಾಗದಲ್ಲಿ) ಕೂತು ಕಾರ್ಡಿಗೆ ಮುದ್ರೆ ಹಾಕುತ್ತಾ ಕೊನೆಯ ಗಂಟೆಯಲ್ಲಿ ಬರುವವರನ್ನು ಗಮನಿಸು. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ ಇದೆ. 20ರ ವೇಗದಲ್ಲಿ ಹೋದರೂ ತುಳಿಯೋದು 10 ಗಂಟೆ, ತಟ್ಟೆ ಇಡ್ಲಿಗೂ ಮಂಡಿ ಚಾಚಿ ಕೂರೋಕೂ ಮೂರೂವರೆ ಗಂಟೆ ಉಳಿಯುತ್ತೆ. ಅದಕ್ಕೆ ಮೊದಲು 120-140 ಕಿ.ಮೀ. ಒಮ್ಮೆ ಹೋಗಿ, ಮಾರನೇ ಬೆಳಿಗ್ಗೆ ಕುಂಟದೆ ಮೆಟ್ಟಿಲು ಇಳಿಯೋಕಾಗಬೇಕು. 300 ಅಂದರೆ 20 ಗಂಟೆ, ರಾತ್ರಿ ಸವಾರಿ ಬಂದೇ ಬರುತ್ತೆ. ಅದನ್ನು ಈ ಸೀಸನ್‌ಗೆ ಸೇರಿಸಬೇಡ. ಫ್ರಾನ್ಸಿನ ದೊಡ್ಡ ಬ್ರೆವೆ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ನಾಲ್ಕು ವರ್ಷಕ್ಕೊಮ್ಮೆ ಬರುತ್ತೆ. 2027 ತಪ್ಪಿದರೆ 2031 ಇದೆ.

ಊಟದ ಬಗ್ಗೆ ಉದ್ದ ಹೇಳಲ್ಲ. ದಿನಕ್ಕೆ 75-90 ಗ್ರಾಂ ಪ್ರೋಟೀನ್ ಬೇಕು, ಬರೀ ಅನ್ನ ಸಾರಲ್ಲಿ ಅದು ಸಿಗಲ್ಲ. ರಾಗಿ ಬಿಡಬೇಡ, ವಿಟಮಿನ್ ಡಿ ಪರೀಕ್ಷೆ ಮಾಡಿಸು. ಸವಾರಿಯಲ್ಲಿ ಗಂಟೆಗೆ ಎರಡು ಬಾಳೆಹಣ್ಣಿನಷ್ಟು ಸಕ್ಕರೆ ಅಂಶ, ಅರ್ಧ ಲೀಟರಿಗಿಂತ ಹೆಚ್ಚು ನೀರು. ತೂಕ ಏರಿದೆ ಅಂತ ಉಪವಾಸ ಬೀಳಬೇಡ. ಮುಟ್ಟು ತಪ್ಪಲು ಶುರುವಾದರೆ ತಿನ್ನೋದು ಸಾಲ್ತಿಲ್ಲ ಅಂತಿರಬಹುದು, ಹಾಗಾದಾಗ ಮೂಳೆಯೂ ಸೊರಗುತ್ತೆ. ಡಾಕ್ಟರಿಗೆ ಹೇಳು.

ಮೀನಖಂಡ ಊದಿ ಬಿಸಿಯಾದರೆ, ಉಸಿರು ಕಟ್ಟಿದರೆ, ಗಾಯದಿಂದ ಕೀವು ಬಂದರೆ, ಇಷ್ಟು ದಿನ ಇಲ್ಲದ ತೊಡೆನೋವು ನಡೆಯುವಾಗ ಶುರುವಾದರೆ ಗುಂಪಿನಲ್ಲಿ ಕೇಳ್ತಾ ಕೂರದೆ ಸೀದಾ ಆಸ್ಪತ್ರೆಗೆ ಹೋಗು. ಸೀಟಿನ ಚೀಲದಲ್ಲಿ ಒಂದು ಚೀಟಿ ಇರಲಿ: ರಕ್ತದ ಗುಂಪು, ‘ಎಡ ತೊಡೆಯಲ್ಲಿ ರಾಡ್ ಇದೆ’, ನನ್ನ ನಂಬರು. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಡು, ಬೆವರಿಗೆ ಶಾಯಿ ಅಳಿಸುತ್ತೆ.

ಇಂತಿ,
ಅಮ್ಮ

ಮರೆತಿದ್ದೆ, ಬಿದ್ದ ದಿನ ಹಾಕಿದ್ದ ಹೆಲ್ಮೆಟ್ ಮೇಲೆ ಗೀರು ಕಾಣದಿದ್ದರೂ ಒಳಗಿನ ಥರ್ಮಾಕೋಲ್ ಅದುಮಿಕೊಂಡಿರಬಹುದು. ಯಾರಿಗೂ ಕೊಡಬೇಡ, ಪಟ್ಟಿ ಕತ್ತರಿಸಿ ಕಸಕ್ಕೆ ಹಾಕು.