ಸಿಸ್ಟರ್‌ಗಳಿಗೆ ಗಟ್ಟಿಯಾಗಿರಿ ಅಂದ್ರೆ ಸಾಕಾ?

ಮಾನ್ಯ ಸಂಪಾದಕರೇ,

ನಾನು ಮೈಸೂರಿನ ಒಂದು ಆಸ್ಪತ್ರೇಲಿ ಸ್ಟಾಫ್ ನರ್ಸ್. ನರ್ಸ್‌ಗಳು ಯಾಕೆ ಕೆಲ್ಸ ಬಿಡ್ತಾರೆ ಅಂದ್ರೆ ಎಲ್ರೂ ಸಂಬಳ, ಗಲ್ಫು, ಜರ್ಮನಿ ಅಂತಾರೆ. ಸಂಬಳ ಕಮ್ಮಿ ಅನ್ನೋದು ನಿಜಾನೇ, ಆದ್ರೆ ನನ್ ಜೊತೆ ಇದ್ದ ಮಂಡ್ಯ ಕಡೆ ಹುಡುಗಿ ಬಿಟ್ಟಿದ್ದು ದುಡ್ಡಿಗಲ್ಲ. ನೈಟ್ ಡ್ಯೂಟೀಲಿ ಒಬ್ಬ ಸಣ್ಣ ವಯಸ್ಸಿನ ಪೇಶೆಂಟ್‌ಗೆ ಎದೆ ಒತ್ತಿ ಸಿಪಿಆರ್ ಕೊಟ್ಟೂ ಕೊಟ್ಟೂ ಕೈ ಸೋತೋಯ್ತು, ಉಳೀಲಿಲ್ಲ, ಪೇಶೆಂಟ್ ಕಡೆಯವ್ರು ಐಸಿಯು ಒಳಗೆ ನುಗ್ಗಿ ಇವಳ ಜುಟ್ಟು ಹಿಡಿದು ಎಳೆದಾಡಿದ್ರು, ಅದಾದ್ಮೇಲೆ ಇವಳೇ ಪಕ್ಕದ ಬೆಡ್ಡಿಗೆ ಆರು ಗಂಟೆ ಇಂಜೆಕ್ಷನ್ ಕೊಟ್ಟು, ಹ್ಯಾಂಡೋವರ್ ಮುಗಿಸಿ ಹಾಸ್ಟೆಲ್‌ಗೆ ಹೋದ್ಲು. ಮಾರನೇ ದಿನ ಮೇಲಿನವ್ರು ಕೇಳಿದ್ದು ಕೇಸ್ ಶೀಟ್ ಸರಿಯಾಗಿ ಬರ್ದಿದೀಯಾ ಅಂತ. ನಿದ್ದೆ ಬಂತೇನಮ್ಮ ಅಂತ ಒಬ್ರೂ ಕೇಳ್ಲಿಲ್ಲ. ಆಮೇಲೆ ಮಾನಿಟರ್ ಕೂಗಿದ್ರೆ ಸಾಕು ಕೈ ನಡುಗೋದು, ಕೊನೆಗೆ ಬಿಟ್ಟೇಬಿಟ್ಲು. ಒಳ್ಳೇ ಕೈಗುಣ ಇದ್ದ ಹುಡುಗಿ.

ಕಾನೂನು ಇಲ್ಲ ಅಂತಲ್ಲ, 2009ರಿಂದ ನಮ್ಮ ರಾಜ್ಯದಲ್ಲಿ ಆಸ್ಪತ್ರೆ ಸಿಬ್ಬಂದಿ ಮೇಲೆ ಕೈ ಮಾಡಿದ್ರೆ ಜೈಲು ಅಂತ ಇದೆ. ಅದು ಹೊಡೆದವರ ಲೆಕ್ಕ ಆಯ್ತು, ಏಟು ತಿಂದವಳ ಕಥೆ?

ಉತ್ತರ ಕನ್ನಡದ ಹಳದೀಪುರದ ನರ್ಸ್ ಅರುಣಾ ಶಾನಭಾಗ್ ಗೊತ್ತಲ್ಲ, 1973ರಲ್ಲಿ ಮುಂಬೈನಲ್ಲಿ ತಾನು ಕೆಲ್ಸ ಮಾಡ್ತಿದ್ದ ಕೆಇಎಂ ಆಸ್ಪತ್ರೇಲೇ ಅಲ್ಲಿನ ಕೆಲಸದವನೊಬ್ಬನ ದೌರ್ಜನ್ಯಕ್ಕೆ ಸಿಕ್ಕಿ ಪ್ರಜ್ಞೆ ಕಳ್ಕೊಂಡ್ರು, 2015ರಲ್ಲಿ ತೀರಿಕೊಳ್ಳೋವರೆಗೂ ಅವರನ್ನ ನೋಡ್ಕೊಂಡಿದ್ದು ಅಲ್ಲಿನ ನರ್ಸ್‌ಗಳೇ. ಇವತ್ತಿಗೂ ಅಷ್ಟೇ, ನಾವು ಈ ಕೆಲ್ಸದಲ್ಲಿ ಉಳ್ಕೊಂಡಿದೀವಿ ಅಂದ್ರೆ ಪಕ್ಕದ ಸಿಸ್ಟರ್‌ಗಳಿಂದ. ನಂಗೂ ಹಿಂದೊಮ್ಮೆ ಆ ಮಂಡ್ಯ ಹುಡುಗಿ ಥರಾನೇ ಆದಾಗ ನಮ್ಮ ಇನ್‌ಚಾರ್ಜ್ ಅಕ್ಕ ಕೇಳ್ದೇನೇ ಡ್ಯೂಟಿ ಬದಲಾಯಿಸಿ, ಡ್ರೆಸ್ಸಿಂಗ್ ರೂಮಲ್ಲಿ ಪಕ್ಕ ಕೂತ್ಕೊಂಡು ಅಳೋಕೆ ಬಿಟ್ರು, ಅದಕ್ಕೇ ಇನ್ನೂ ಇಲ್ಲಿದೀನಿ. ಆದ್ರೆ ಒಳ್ಳೇ ಇನ್‌ಚಾರ್ಜ್ ಸಿಕ್ರೆ ಬಚಾವ್, ಇಲ್ದಿದ್ರೆ ಇಲ್ಲ ಅನ್ನೋ ಥರ ಯಾಕಿರ್ಬೇಕು? ನರ್ಸಸ್ ಡೇ ದಿನ ಧೈರ್ಯದ ಬಗ್ಗೆ ಭಾಷಣ ಮಾಡ್ತಾರೆ, ಧೈರ್ಯ ನಮ್ಮತ್ರ ಇದೆ ಸಾರ್, ರೆಸ್ಟ್ ಇಲ್ಲ.

ಇಂಥದ್ದು ನಡೆದ ತಕ್ಷಣ ಆ ಸಿಸ್ಟರ್‌ನ ಡ್ಯೂಟಿಯಿಂದ ಬಿಡಿಸೋಕೆ ಇನ್ನೊಬ್ರು ಬರ್ಬೇಕು, ಬೇಕಂದ್ರೆ ಸ್ವಲ್ಪ ದಿನ ಬೇರೆ ವಾರ್ಡ್ ಕೊಡ್ಬೇಕು, ಕೈಮುಗಿದು ಕೇಳೋ ಹಾಗಿರಬಾರದು. ಮನಸ್ಸಿನ ತೊಂದ್ರೆಗೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡ್ತಾರೆ, ಆದ್ರೆ ಎರಡು ಶಿಫ್ಟ್ ಒಟ್ಟಿಗೆ ಮಾಡಿದವಳಿಗೆ ಫೋನ್ ಹಿಡಿಯೋ ಶಕ್ತಿನೂ ಇರಲ್ಲ. ಮೈಸೂರು, ಮಂಡ್ಯ ಎರಡೂ ಕಡೆ ಮೆಡಿಕಲ್ ಕಾಲೇಜಿವೆ, ಮನೋವೈದ್ಯರಿದಾರೆ, ಅವ್ರನ್ನೇ ವಾರಕ್ಕೊಂದು ದಿನ ಸಿಬ್ಬಂದಿಗೂ ಕೂರಿಸಿ. ಅಲ್ಲಿಗೆ ಹೋದವಳ ಹೆಸರು ಮ್ಯಾನೇಜ್‌ಮೆಂಟಿಗೆ ಹೋಗಬಾರದು, ಇದೊಂದು ಮುಖ್ಯ.

– ಒಬ್ಬ ಸ್ಟಾಫ್ ನರ್ಸ್, ಮೈಸೂರು (ದಯವಿಟ್ಟು ಹೆಸರು ಹಾಕ್ಬೇಡಿ)