ಸೇಂಟ್ ಮೇರೀಸ್ ದ್ವೀಪದ ಕಂಬಗಳು ಕೆತ್ತಿದವಲ್ಲ, ಬಿರಿದವು

ಮಾನ್ಯರೇ,

ಮಲ್ಪೆ ಸಮೀಪದ ಸೇಂಟ್ ಮೇರೀಸ್ ದ್ವೀಪದ ಬಗ್ಗೆ ಬರುವ ಪ್ರವಾಸಿ ಲೇಖನಗಳಲ್ಲಿ ವಾಸ್ಕೋ ಡ ಗಾಮ ಬಂದಿಳಿದನೆಂಬ ಪ್ರತೀತಿಗೆ ಸಿಗುವಷ್ಟು ಜಾಗ ಅಲ್ಲಿನ ಕಲ್ಲಿಗೆ ಸಿಗುವುದಿಲ್ಲ. ಸಿಕ್ಕರೂ ‘ಪ್ರಕೃತಿಯೇ ಕೆತ್ತಿದ ಷಟ್ಕೋನ ಕಂಬಗಳು’ ಎಂಬಲ್ಲಿಗೆ ಮಾತು ಮುಗಿಯುತ್ತದೆ. ಆ ಕಂಬಗಳನ್ನು ಗಾಳಿಯಾಗಲಿ ಅಲೆಯಾಗಲಿ ಕೆತ್ತಿದ್ದಲ್ಲ. ಸ್ಫಟಿಕದಂತೆ ಹರಳುಗಟ್ಟಿ ಬಂದ ಆಕಾರವೂ ಅದಲ್ಲ.

ದ್ವೀಪದ ಕಲ್ಲು ಲಾವಾ, ಅಂದರೆ ಜ್ವಾಲಾಮುಖಿಯಿಂದ ಹೊರಬಂದ ಕರಗಿದ ಶಿಲೆ, ತಣಿದು ಆದದ್ದು. ಲಾವಾ ಗಟ್ಟಿಯಾದ ಮೇಲೂ ತಣಿಯುತ್ತಲೇ ಇರುತ್ತದೆ, ತಣಿದಂತೆಲ್ಲ ಕುಗ್ಗುತ್ತದೆ. ಆದರೆ ಸುತ್ತಲಿನ ಕಲ್ಲು ಬಿಗಿಹಿಡಿದಿರುವುದರಿಂದ ಅಡ್ಡಲಾಗಿ ಕುಗ್ಗಲು ಎಡೆಯಿಲ್ಲದೆ ಒಳಗಿನ ಎಳೆತ ಹೆಚ್ಚುತ್ತಾ ಹೋಗಿ, ಕೊನೆಗೆ ಬೇಸಿಗೆಯ ಕೆರೆಯಂಗಳದಂತೆ ಮೇಲ್ಮೈ ಬಿರಿಯುತ್ತದೆ. ಐಸ್‌ಲ್ಯಾಂಡಿನ ಬಸಾಲ್ಟ್ (ಲಾವಾ ತಣಿದು ಆಗುವ ಕಪ್ಪು ಕಲ್ಲು) ಕಂಬಗಳ ಕಲ್ಲನ್ನು ಪರೀಕ್ಷಿಸಿದ ಲಿವರ್‌ಪೂಲ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಪ್ರಕಾರ, ಸುಮಾರು 980 ಡಿಗ್ರಿ ಸೆಲ್ಸಿಯಸ್‌ನಲ್ಲಿ ಘನವಾಗುವ ಆ ಲಾವಾ 840ರಿಂದ 890 ಡಿಗ್ರಿಗೆ ಇಳಿದಾಗಲೇ ಬಿರುಕು ಬಿಡುತ್ತದೆ. ಬಿರಿಯುವ ಹೊತ್ತಿಗೂ ಕಲ್ಲು ಕೆಂಪಗೆ ಕಾದೇ ಇರುತ್ತದೆಂದಾಯಿತು.

ಮೊದಮೊದಲು ಬಿರುಕುಗಳು ಹೆಚ್ಚುಕಡಿಮೆ ಲಂಬಕೋನದಲ್ಲಿ ಒಂದನ್ನೊಂದು ಸೇರುತ್ತವೆ. ತಂಪು ಒಳಗಿಳಿದಂತೆ ಅವೂ ಹಂತಹಂತವಾಗಿ ಆಳಕ್ಕೆ ಸಾಗುತ್ತವೆ. ಸಾಗುತ್ತಾ ಸಂಧಿಗಳು ಸರಿದು, ಮೂರು ಬಿರುಕುಗಳು ಸುಮಾರು 120 ಡಿಗ್ರಿ ಕೋನದಲ್ಲಿ ಕೂಡುವ ವಿನ್ಯಾಸಕ್ಕೆ ಹೊಂದಿಕೊಳ್ಳುತ್ತವೆ. ಆರು ಮುಖಗಳ ಕಂಬಗಳು ಹೆಚ್ಚಾಗಿ ಕಾಣುವುದು ಇದರಿಂದಲೇ. ಆದರೆ ಹೊಂದಿಕೆ ಎಲ್ಲೂ ಪೂರ್ಣವಲ್ಲ: ಎಣಿಸಿ ನೋಡುವ ತಾಳ್ಮೆಯಿದ್ದವರಿಗೆ ಐದು, ಏಳು ಮುಖದವೂ ಸಿಗುತ್ತವೆ. ನಿಧಾನವಾಗಿ ತಣಿದಲ್ಲಿ ಕಂಬ ದಪ್ಪ, ಬೇಗ ತಣಿದಲ್ಲಿ ಸಪೂರ. ತಣಿಯುವ ಮೇಲ್ಮೈಗೆ ಲಂಬವಾಗಿ ಬೆಳೆಯುವುದರಿಂದ, ಆ ಮೇಲ್ಮೈ ವಾಲಿದ್ದಲ್ಲಿ ಕಂಬಗಳೂ ವಾಲುತ್ತವೆ.

ದ್ವೀಪದ ಶಿಲೆಯನ್ನು ದಖ್ಖನ್ ಪ್ರಸ್ಥಭೂಮಿಯ ಲಾವಾದ ಭಾಗವೆಂದು ಬರೆಯುವುದೂ ತಪ್ಪು. ಮುಂಬೈ ಅಂಧೇರಿಯ ಗಿಲ್ಬರ್ಟ್ ಗುಡ್ಡದ ಕಂಬಗಳು ಸುಮಾರು 6ರಿಂದ 6.6 ಕೋಟಿ ವರ್ಷ ಹಿಂದಿನ ದಖ್ಖನ್ ಲಾವಾದಿಂದಾದ ಬಸಾಲ್ಟ್. ನಮ್ಮ ದ್ವೀಪದ್ದು ಸುಮಾರು 8.8 ಕೋಟಿ ವರ್ಷ ಹಿಂದಿನದು, ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದ್ದು; ಬಸಾಲ್ಟ್‌ಗಿಂತ ಸಿಲಿಕಾ (ಮರಳಿನ ಮುಖ್ಯ ಅಂಶ) ಹೆಚ್ಚಿರುವ, ರಯೋಲೈಟ್ ಮತ್ತು ಡೇಸೈಟ್ ವರ್ಗದ ಶಿಲೆ. ಕಲ್ಲಿನ ಜಾತಿ ಬೇರೆಯಾದರೂ ಕಂಬವಾಗುವ ಬಗೆ ಒಂದೇ.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿರುವ ಈ ತಾಣಕ್ಕೆ ಮಕ್ಕಳನ್ನು ಪ್ರವಾಸ ಕರೆತರುವ ಶಾಲೆಗಳು ಬಹಳ. ಮಲ್ಪೆಯಲ್ಲಿ ದೋಣಿಗೆ ಕಾಯುವಷ್ಟು ಹೊತ್ತಿನಲ್ಲಿ ಓದಿ ಮುಗಿಸಬಹುದಾದ, ಬಿರುಕು ಆಳಕ್ಕಿಳಿಯುವ ಹಂತಗಳನ್ನು ಚಿತ್ರದಲ್ಲಿ ತೋರಿಸುವ ಸರಳ ಕನ್ನಡದ ಫಲಕವೊಂದು ಅವರ ಕಣ್ಣಿಗೆ ಬೀಳುವಂತೆ ಸಂಬಂಧಪಟ್ಟವರು ನೋಡಿಕೊಳ್ಳಬೇಕೆಂದು ಕೋರುತ್ತೇನೆ.

– ಓದುಗ, ಉಡುಪಿ