ಹೋಟೆಲ್ ಮಾಲೀಕರ ಕಥೇಲಿ ಹೋಟೆಲ್ಲೂ ಇರಲಿ

ಸಂಪಾದಕರಿಗೆ ನಮಸ್ಕಾರ,

ಬಿಸಿನೆಸ್ಸಲ್ಲಿ ಹೆಸರು ಮಾಡಿದೋರ ಬಗ್ಗೆ ಪೇಪರಲ್ಲಿ ಬರೋದನ್ನ ಬಿಡದೆ ಓದ್ತೀನಿ, ಆದ್ರೆ ನ್ಯೂಯಾರ್ಕಿನ ಹೋಟೆಲ್ ಮಾಲೀಕ ಇಯಾನ್ ಶ್ರೇಗರ್ ಥರದವರ ವಿಷಯ ಬಂದ್ರೆ ಎಲ್ರೂ ಒಂದೇ ಧಾಟಿ ಹಿಡೀತಾರೆ, ನೈಟ್ ಕ್ಲಬ್ಬು, ಜೈಲು, ಆಮೇಲೆ ಕೋಟ್ಯಧೀಶ, ಮುಗೀತು. ಅವರು ಕಟ್ಟಿದ್ದೇನು ಅಂತ ಮಾತ್ರ ಗೊತ್ತಾಗಲ್ಲ.

ಜೈಲಿನ ವಿಷಯ ಮುಚ್ಚಿಡಿ ಅಂತಿಲ್ಲ. 1977ರಲ್ಲಿ ಸ್ನೇಹಿತ ಸ್ಟೀವ್ ರುಬೆಲ್ ಜೊತೆ ಸ್ಟುಡಿಯೋ 54 ಅನ್ನೋ ನೈಟ್ ಕ್ಲಬ್ ಶುರು ಮಾಡಿದ್ರು, ಕ್ಯಾಶ್ ಲೆಕ್ಕಕ್ಕೆ ತೋರಿಸದೆ ಟ್ಯಾಕ್ಸ್ ತಪ್ಪಿಸಿ 1980ರಲ್ಲಿ ಇಬ್ರೂ ಒಳಗೆ ಹೋದ್ರು. 2017ರಲ್ಲಿ ಶ್ರೇಗರ್‌ಗೆ ಒಬಾಮ ಕ್ಷಮಾದಾನ ಕೊಟ್ರು ನಿಜ, ಹಾಗಂತ ತಪ್ಪು ತಪ್ಪೇ. ಆದ್ರೆ ನನಗೆ ಮುಖ್ಯ ಅನ್ಸೋ ವರ್ಷ 1984. ಆಗ ಮ್ಯಾಡಿಸನ್ ಅವೆನ್ಯೂದ ಹಳೇ ಹೋಟೆಲ್ಲೊಂದನ್ನ ಮಾರ್ಗನ್ಸ್ ಅಂತ ಮಾಡಿದ್ರು, ಕೈಯಲ್ಲಿ ದುಡ್ಡು ಕಮ್ಮಿ, ರೂಮುಗಳೂ ಚಿಕ್ಕವು, ಆಂಡ್ರೇ ಪುಟ್ಮನ್ ಅನ್ನೋ ಫ್ರೆಂಚ್ ಡಿಸೈನರ್ ಬಾತ್‌ರೂಮಿಗೆ ಅಗ್ಗದ ಕಪ್ಪು ಬಿಳಿ ಟೈಲ್ಸ್ ಹಾಕಿಸಿ ಅದನ್ನೇ ಆ ಹೋಟೆಲ್ಲಿನ ಗುರುತು ಮಾಡಿಬಿಟ್ರು. ಮಾಲೀಕರ ಕಥೇಲಿ ಆಕೆ ಹೆಸರು ಒಂದು ಸಾಲಲ್ಲೂ ಇರಲ್ಲ, ನಿಜಕ್ಕೂ ಬೇಜಾರಾಗುತ್ತೆ.

ಆಮೇಲೆ 1988ರಲ್ಲಿ ರಾಯಲ್ಟನ್, 1990ರಲ್ಲಿ ಪ್ಯಾರಮೌಂಟ್ ಹೋಟೆಲ್, ಎರಡಕ್ಕೂ ಡಿಸೈನ್ ಫ್ರೆಂಚ್ ಡಿಸೈನರ್ ಫಿಲಿಪ್ ಸ್ಟಾರ್ಕ್ ಅವರದ್ದು. ಕ್ಲಬ್ ನಡೆಸಿದ ಅನುಭವ ಕೆಲಸಕ್ಕೆ ಬಂದಿದ್ದು ಇಲ್ಲೇ ನೋಡಿ, ರೂಮು ಚಿಕ್ಕದಿದ್ರೂ ಪರವಾಗಿಲ್ಲ ಜನ ಕೆಳಗೆ ಬಂದು ಕೂರೋ ಹಾಗೆ ಲಾಬಿ ಇರ್ಬೇಕು ಅಂತ, ರೂಮ್ ಬುಕ್ ಮಾಡದೇ ಇರೋ ಊರಿನವರೂ ಬಂದು ಬಾರಲ್ಲಿ, ರೆಸ್ಟೋರೆಂಟಲ್ಲಿ ಖರ್ಚು ಮಾಡೋ ಹಾಗೆ. ಬೊಟೀಕ್ ಹೋಟೆಲ್, ಅಂದ್ರೆ ತನ್ನದೇ ಸ್ಟೈಲ್ ಇರೋ ಹೋಟೆಲ್, ನಡೆಯೋದೇ ಹೀಗೆ, ಬರೀ ಅಲಂಕಾರದಿಂದಲ್ಲ. ರುಬೆಲ್ 1989ರಲ್ಲೇ ತೀರಿಕೊಂಡ್ರು, ಮುಂದಿನದ್ದೆಲ್ಲ ಇವರೊಬ್ಬರೇ ನಡೆಸಿದ್ದು.

2005ರಲ್ಲಿ ತಾವು ಕಟ್ಟಿದ ಕಂಪನಿ ಬಿಟ್ಟು ಬೇರೆ ಕಂಪನಿ ಮಾಡಿದ ಮೇಲೆ ಡೆವಲಪರ್ ಆಗಿ 40 ಬಾಂಡ್ ಅನ್ನೋ ಅಪಾರ್ಟ್‌ಮೆಂಟ್ ಕಟ್ಟಿಸಿದ್ರು, ಹರ್ಟ್ಸಾಗ್ ಮತ್ತು ಡಿ ಮ್ಯೂರಾನ್ ಅನ್ನೋ ಸ್ವಿಸ್ ಆರ್ಕಿಟೆಕ್ಟ್‌ಗಳ ವಿನ್ಯಾಸ. ಇದನ್ನೂ ಹೋಟೆಲ್ಲನ್ನೂ ಒಂದೇ ದಂಧೆ ಅನ್ನೋ ಥರ ಬರೀತಾರೆ, ಅದು ಸರಿ ಅಲ್ಲ. ಫ್ಲ್ಯಾಟು ಮಾರಿದ್ರೆ ದುಡ್ಡು ಒಂದೇ ಸಲ ಬರುತ್ತೆ, ಮುಗೀತು. ಹೋಟೆಲ್ ಪ್ರತಿ ರಾತ್ರಿ ತುಂಬಬೇಕು, ಖಾಲಿ ಹೋದ ರಾತ್ರೀನ ನಾಳೆ ಮಾರೋಕಾಗಲ್ಲ, ಜನ ಬರಲಿ ಬಿಡಲಿ ಸಂಬಳ, ಬಡ್ಡಿ ಕಟ್ತಾನೇ ಇರ್ಬೇಕು. ಮ್ಯಾರಿಯಟ್ ಥರದ ದೊಡ್ಡ ಹೋಟೆಲ್ ಕಂಪನಿ ಜೊತೆ ಸೇರಿ ಎಡಿಷನ್ ಹೋಟೆಲ್‌ಗಳನ್ನ ಮಾಡಿದ್ದನ್ನೂ ಈ ಲೆಕ್ಕ ಇಟ್ಕೊಂಡು ನೋಡಿದ್ರೆ ಚೆನ್ನಾಗಿ ಅರ್ಥ ಆಗುತ್ತೆ.

ಮುಂದೆ ಇಂಥವರ ಬಗ್ಗೆ ಬರೆಸುವಾಗ ದಯವಿಟ್ಟು ಡಿಸೈನ್ ಮಾಡಿದ್ದು ಯಾರು, ಬಂಡವಾಳ ಎಲ್ಲಿಂದ ಬಂತು, ಯಾವುದು ನಡೀತು ಯಾವುದು ನಡೀಲಿಲ್ಲ ಅನ್ನೋದನ್ನೂ ಹಾಕಿಸಿ ಸರ್.

ಇಂತಿ,
ನಿಮ್ಮ ಓದುಗ